ಸುಮ್ಮನಿದ್ದಾಗ ಆರಿದ ಕಂಪ್ಯೂಟರ್

ಮಧ್ಯಾಹ್ನ ಮೂರೂವರೆಗೆ ಕಪಾಟು ತೆರೆದ ಸ್ಟುಡಿಯೋ ಮಾಲೀಕರು ಅಲ್ಲೇ ಕುಸಿದು ಕೂತರು. ಎರಡು ವರ್ಷ ಬೆವರು ಸುರಿಸಿ ಮಾಡಿದ ಸಿನಿಮಾದ ಡಿಸ್ಕ್ ಮಾಯ. ಎರಡು ಗಂಟೆಗೆ ಅವರೇ ಇಟ್ಟದ್ದು. ಬೇರೆ ಪ್ರತಿ ಇರಲಿಲ್ಲ.

ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಮೇಡಂ ಬಂದು ಸ್ಟುಡಿಯೋಗೆ ಒಳಗಿನಿಂದ ಬೀಗ ಹಾಕಿಸಿದರು. ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ಕು ಜನ. ಮಾಲೀಕರನ್ನು ಬಿಟ್ಟರೆ ಕಪಾಟಿನ ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬ ಎಡಿಟರ್, ಮಾಲೀಕರ ಹೆಂಡತಿಯ ತಮ್ಮ. ಇನ್ನೊಬ್ಬ ಕಂಪ್ಯೂಟರ್ ನೋಡಿಕೊಳ್ಳುವ ಮೆಕ್ಯಾನಿಕ್.

"ಎರಡು ಗಂಟೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ ಭಾವ," ಎಂದ ಎಡಿಟರ್. "ಬೇರೊಂದು ಜಾಹೀರಾತಿನ ಕೆಲಸ, ಒಂದೇ ಸಮ. ಮೂರೂ ಇಪ್ಪತ್ತಕ್ಕೆ ಕಂಪ್ಯೂಟರ್ ಆಫ್ ಆಯ್ತು. ಆಗಲೇ ಇವನನ್ನ ಕರೆದಿದ್ದು."

ಕಂಪ್ಯೂಟರಿನಲ್ಲೂ ಅದೇ ಸಮಯ ದಾಖಲಾಗಿತ್ತು.

ಮೇಡಂ ಮೆಕ್ಯಾನಿಕ್ ಕಡೆ ತಿರುಗಿದರು. "ನೀನೆಲ್ಲಿದ್ದೆ?"

"ಸ್ಟೋರ್ ರೂಮಲ್ಲಿ."

"ನೋಡಿದವರು?"

"ಯಾರೂ ಇಲ್ಲ ಮೇಡಂ."

* * *

ತಾನು ಬಚಾವಾಗುವ ಮಾತೊಂದು ಮೆಕ್ಯಾನಿಕ್‌ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಕಂಪ್ಯೂಟರಿನ ವೇಗಕ್ಕೆ ಕೈ ಹಾಕಿದವನು ಅವತ್ತೇ ಮನೆಗೆ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಕೈಗೆ ಕೋಳ. ಏಳು ವರ್ಷ ದುಡಿದ ಜಾಗ ಅವನಿಗೆ ಬೋನಿನಂತೆ ಕಂಡಿತು.

"ಮೇಡಂ, ಒಂದು ತಪ್ಪು ಒಪ್ಕೋತೀನಿ."

ಎಡಿಟರ್ ಮುಖ ಅರಳಿತು.

"ಈ ಕಂಪ್ಯೂಟರ್ ಎತ್ತಿನಗಾಡಿ ಅಂತ ಎಡಿಟರ್ ಸಾಹೇಬರು ದಿನಾ ಗೊಣಗೋರು. ಕಾಟ ತಾಳಲಾರದೆ ಗುಟ್ಟಾಗಿ ವೇಗ ಹೆಚ್ಚಿಸಿದೆ. ಬಿಸಿ ಏರಬಾರದು ಅಂತ ಪ್ರೊಸೆಸರ್‌ನ ವೋಲ್ಟೇಜ್ ಇಳಿಸಿದೆ. ಓಡಿಸಿ ಪರೀಕ್ಷೆ ಮಾಡಿದೆ, ಸುಮ್ಮನೆ ಬಿಟ್ಟು ನೋಡಲಿಲ್ಲ. ಕೆಲಸ ಇಲ್ಲದಾಗ ಪ್ರೊಸೆಸರ್ ತಾನೇ ವೋಲ್ಟೇಜ್ ಇಳಿಸ್ಕೊಳ್ಳುತ್ತೆ. ಮೊದಲೇ ಇಳಿಸಿದ್ದರ ಮೇಲೆ ಇನ್ನೂ ಇಳಿದರೆ ಉಸಿರು ನಿಲ್ಲುತ್ತೆ."

"ಅಂದ್ರೆ?"

"ದುಡೀತಿದ್ರೆ ಆಫ್ ಆಗಲ್ಲ. ಯಾರೂ ಮುಟ್ಟದೆ ಬಿಟ್ರೇ ಆಗೋದು."

* * *

ಮೇಡಂ ಪರೀಕ್ಷೆಗೆ ಕೂತರು. ಅರ್ಧ ಗಂಟೆ ಕಂಪ್ಯೂಟರಿನ ಬೆವರಿಳಿಸಿದರು. ಅದು ಜಪ್ಪಯ್ಯ ಅಂದರೂ ಆಫ್ ಆಗಲಿಲ್ಲ. ಆಮೇಲೆ ಎಲ್ಲರೂ ಕೈಕಟ್ಟಿ ಕೂತರು. ಹತ್ತು ನಿಮಿಷ. ಹದಿನೈದು. ಇಪ್ಪತ್ತೆರಡನೇ ನಿಮಿಷಕ್ಕೆ ಕಂಪ್ಯೂಟರ್ ಆಫ್ ಆಗಿ ಪರದೆ ಕಪ್ಪಾಯಿತು.

"ಕಾಫಿಗೆ ಎದ್ದಿದ್ನೇನೋ..." ಎಡಿಟರ್ ತಡವರಿಸಿದ.

"ಕುರ್ಚಿ ಬಿಟ್ಟು ಎದ್ದಿಲ್ಲ ಅಂದ್ರಲ್ಲ? ಮೂರೂ ಇಪ್ಪತ್ತಕ್ಕೆ ಮುಂಚೆ ಇಪ್ಪತ್ತು ನಿಮಿಷ ಇಲ್ಲಿ ಯಾರೂ ಇರಲಿಲ್ಲ. ನಿಮ್ಮ ಕಾರಿನ ಕೀಲಿ ಕೊಡಿ," ಎಂದರು ಮೇಡಂ.

ಮೇಡಂ ಒಬ್ಬರೇ ಹೊರಗೆ ಹೋಗಿ ಡಿಸ್ಕ್ ತಂದು, ಮತ್ತೆ ಬೀಗ ಹಾಕಿಸಿದರು. ಅದು ಸಿಕ್ಕಿದ್ದು ಎಡಿಟರ್ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ.

"ಎರಡು ವರ್ಷ ಕತ್ತೆ ಚಾಕರಿ ಮಾಡಿಸಿಕೊಂಡು ಸಿನಿಮಾದಲ್ಲಿ ನನ್ನ ಹೆಸರೇ ಹಾಕಲಿಲ್ಲ ಭಾವ," ಎಂದ ಎಡಿಟರ್.

ಡಿಸ್ಕನ್ನು ಎದೆಗೊತ್ತಿಕೊಂಡು ಮಾಲೀಕರು ಮೆಕ್ಯಾನಿಕ್ ಕಡೆ ತಿರುಗಿದರು. "ನನ್ನ ಸಿನಿಮಾ ಉಳಿಸಿದೆ. ಆದ್ರೆ ನಾಳೆಯಿಂದ ಬರಬೇಡ."

"ಆಯ್ತು ಸರ್. ಐದು ನಿಮಿಷ ಕೊಡಿ."

ಅವನು ಕಂಪ್ಯೂಟರ್ ಮುಂದೆ ಕೂತು ವೋಲ್ಟೇಜನ್ನು ಮೊದಲಿದ್ದಲ್ಲಿಗೆ ತಂದ, ವೇಗವನ್ನೂ ಇಳಿಸಿದ. ಮೇಡಂ ಬೀಗ ತೆಗೆಸಿದರು. ಅಷ್ಟು ಹೊತ್ತು ಯಾವಾಗ ಹೊರಗೆ ಹೋಗುತ್ತೇನೋ ಎಂದು ಒದ್ದಾಡಿದವನಿಗೆ, ಬಾಗಿಲು ತೆರೆದಾಗ ಕಾಲೇ ಏಳಲಿಲ್ಲ.