ಅಂಬಲಿ ಬಯಲಿನ ಹೆಜ್ಜೆಗಳು

ಪೆಟ್ಟಿಗೆಗೆ ಹಾಕಿದ್ದ ಬೀಗ ಹಾಗೆಯೇ ಇತ್ತು. ಆದರೆ ಹಿಂಬದಿಯ ಕೀಲುಗಳು ಕಿತ್ತುಬಂದಿದ್ದವು. ಒಳಗೆ ನನ್ನ ಬಣ್ಣದ ಪೆನ್ಸಿಲ್ಲುಗಳಿದ್ದವು, ಅಳತೆಪಟ್ಟಿ ಇತ್ತು, ದಾರಿಗೆಂದು ತಂದಿದ್ದ ಹುರಿಗಡಲೆಯ ಪೊಟ್ಟಣವೂ ಇತ್ತು. ಕೆಂಪು ರಟ್ಟಿನ ಪುಸ್ತಕವೊಂದೇ ಇರಲಿಲ್ಲ.

“ಗೋಪಣ್ಣಾರೆ, ಪುಸ್ತಕ ನೀವೇನರೆ ತೆಗೆದಿಟ್ಟೀರೇನ್ರಿ?” ಎಂದು ಪಂಚಾಕ್ಷರಯ್ಯ ಕೇಳಿದರು.

ಇಲ್ಲವೆಂದೆ. ನಾವಿಬ್ಬರೂ ಬಾವಿಗೆ ಹೋಗಿ ಸ್ನಾನ ಮಾಡಿ ಬರಲು ಹಿಡಿದದ್ದು ಅರ್ಧ ಗಂಟೆ. ಅಷ್ಟರಲ್ಲಿ ಯಾರೋ ನಾವು ತಂಗಿದ್ದ ಚಾವಡಿಯ ಹಿಂದಿನ ಕಿಟಕಿಯಿಂದ ಇಳಿದು ಎರಡು ವರ್ಷದ ಕೆಲಸವನ್ನು ಎತ್ತಿಕೊಂಡು ಹೋಗಿದ್ದರು.

ಅದು ೧೯೩೮ರ ಮೇ ತಿಂಗಳು. ಮಡಕಶಿರದ ಸ್ಕೂಲಿನಲ್ಲಿ ಪಂಚಾಕ್ಷರಯ್ಯ ಭೂಗೋಳದ ಮೇಷ್ಟ್ರು, ನಾನು ಡ್ರಾಯಿಂಗ್ ಮೇಷ್ಟ್ರು. ಅವರು ರಾಯದುರ್ಗದ ಕಡೆಯವರು. ಭೂಗೋಳವೆಂದರೆ ಹೊಳೆಯ ಉದ್ದ, ಬೆಟ್ಟದ ಎತ್ತರ ಬಾಯಿಪಾಠ ಮಾಡಿಸುವುದೆಂದು ನಾನು ತಿಳಿದಿದ್ದೆ. ಅವರ ಹುಚ್ಚೇ ಬೇರೆ. ಈ ಬಂಡೆಗೆ, ಈ ಹಳ್ಳದ ತಿರುವಿಗೆ ಊರವರು ಯಾಕೆ ಈ ಹೆಸರಿಟ್ಟರು, ಇಲ್ಲಿ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು ರಜೆಯಲ್ಲೆಲ್ಲ ಹಳ್ಳಿ ತಿರುಗಿ ಬರೆದುಕೊಳ್ಳುತ್ತಿದ್ದರು. ನಕ್ಷೆ ಬರೆಯಲು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಮೊದಮೊದಲು ನಾನು ಹೋದದ್ದು ಹಳ್ಳಿಯವರ ಊಟದ ಆಸೆಗೆ. ಸುಳ್ಳೇಕೆ ಹೇಳಲಿ.

ಈ ಸಲ ಬಂದದ್ದು ಮಾತ್ರ ಹವ್ಯಾಸಕ್ಕಲ್ಲ. ಗುಡಿಬಂಡೆಯಾಚೆ ಬಿಳಿಗುಂಡ್ಲಹಳ್ಳಿಯ ಮಗ್ಗುಲಲ್ಲಿ ಹನ್ನೊಂದು ಎಕರೆ ಖಾಲಿ ನೆಲವಿದೆ. ಸರ್ಕಾರದ ಕಾಗದದಲ್ಲಿ ಅದು ಬಂಜರು. ಊರವರ ಬಾಯಲ್ಲಿ ಅಂಬಲಿ ಬಯಲು. ಅರವತ್ತು ವರ್ಷದ ಹಿಂದೆ, ಧಾತು ಸಂವತ್ಸರದ ಬರದಲ್ಲಿ, ಕೆಂಪಕ್ಕ ಎಂಬ ಹೆಂಗಸು ಮನೆಯ ಹಗೇವಿನಲ್ಲಿ ಹೂತಿಟ್ಟಿದ್ದ ರಾಗಿಯನ್ನೆಲ್ಲ ತೆಗೆಸಿ, ಆ ಬಯಲಲ್ಲಿ ಒಲೆ ಹೂಡಿ ಮೂರು ಊರಿನ ಮಂದಿಗೆ ತಿಂಗಳುಗಟ್ಟಲೆ ಅಂಬಲಿ ಹಾಕಿದ್ದಳಂತೆ. ನನಗೆ ಗುಡಿ ಬೇಡ, ಕಲ್ಲು ಬೇಡ, ಈ ನೆಲಕ್ಕೆ ನೇಗಿಲು ಹಾಕಬೇಡಿ, ಅಷ್ಟೇ ಸಾಕು ಅಂದಿದ್ದಳಂತೆ. ಅವಳ ಸೊಸೆ ಕಾಟಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಅತ್ತೆಯ ಆ ಒಂದು ಮಾತನ್ನು ಉಳಿಸುವ ಭಾರ ಈ ಮುದುಕಿಯ ತಲೆಗೆ ಬಂದಿತ್ತು.

ಯಾಕೆಂದರೆ ಆ ನೆಲಕ್ಕೆ ಇಬ್ಬರು ದರಖಾಸ್ತು ಹಾಕಿದ್ದರು. ಒಬ್ಬ ಅದೇ ಊರಿನ ರೈತ ಲಕ್ಷ್ಮೀನರಸಪ್ಪ. ಅವನಿಗೆ ಕಡಲೆಕಾಯಿ ಬೆಳೆಯಲು ಬೇಕು. ಇನ್ನೊಬ್ಬ ರಾಯದುರ್ಗದ ವ್ಯಾಪಾರಿ ಸಿದ್ದಬಸಪ್ಪ. ಅವನಿಗೆ ಕಡಲೆಕಾಯಿ ಒಣಗಿಸುವ ಕಣಕ್ಕೆ ಬೇಕು. ಕಾಟಮ್ಮನ ಆಕ್ಷೇಪಣೆ ಕೇಳಲು ಡೆಪ್ಯುಟಿ ತಹಶೀಲ್ದಾರರು ಅವತ್ತು ಹನ್ನೊಂದು ಗಂಟೆಗೆ ಬಯಲಿಗೇ ಬರುವವರಿದ್ದರು. ಅವಳ ಕೈಯಲ್ಲಿದ್ದ ಪುರಾವೆ ಒಂದೇ. ಮೂವತ್ತೊಂದು ಮಂದಿ ವಯಸ್ಸಾದವರ ಹೇಳಿಕೆಗಳು, ಹೆಬ್ಬೆಟ್ಟಿನ ಸಮೇತ, ಆ ಕೆಂಪು ಪುಸ್ತಕದಲ್ಲಿದ್ದವು. ಅವರಲ್ಲಿ ಹಲವರು ಈಗ ಬದುಕಿಲ್ಲ.

ಪುಸ್ತಕವಿದ್ದರೂ ಗೆಲುವು ಖಂಡಿತವಿರಲಿಲ್ಲ. ಕಥೆ ಸಾಲದು, ಇವತ್ತಿಗೂ ನಡೆಯುವ ರೂಢಿ ಏನಾದರೂ ಇದ್ದರೆ ತೋರಿಸಿ ಎಂದು ತಹಶೀಲ್ದಾರರು ಹಿಂದಿನ ಸಲವೇ ಹೇಳಿದ್ದರು. ನಾವು ಎಷ್ಟು ಕೇಳಿದರೂ ಊರವರು ಯಾವ ರೂಢಿಯನ್ನೂ ಹೇಳಿರಲಿಲ್ಲ. ಈಗ ಕಥೆಯೂ ಹೋಯಿತು. ಕಾಟಮ್ಮ ಚಾವಡಿಯ ಜಗಲಿಯ ಮೇಲೆ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ತಹಶೀಲ್ದಾರರ ಬಂದೋಬಸ್ತಿಗೆಂದು ಮುಂಚೆಯೇ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಚಹಾ ಕುಡಿಯುವಷ್ಟರಲ್ಲಿ ಕೇಸು ಮುಗಿಸಿಬಿಟ್ಟ. ಹಿಂದಿನ ಸಂಜೆ ಮಳೆ ಬಂದು ನೆಲ ಮೆತ್ತಗಾಗಿತ್ತು. ಕಿಟಕಿಯ ಕೆಳಗಿನಿಂದ ಚಪ್ಪಲಿಯ ಹೆಜ್ಜೆಗಳು ಹೊರಟು ಅಂಬಲಿ ಬಯಲಿನ ಅಂಚಿನವರೆಗೆ ಹೋಗಿದ್ದವು. ಅಲ್ಲಿಂದ ಮುಂದೆ ಬಯಲಿನ ಉದ್ದಕ್ಕೂ ಬರಿಗಾಲಿನ ಹೆಜ್ಜೆಗಳು. ಬಯಲು ದಾಟಿದ ಮೇಲೆ ಮತ್ತೆ ಚಪ್ಪಲಿ. ಹತ್ತು ಮಾರು ಹೋಗಿ ಗಾಡಿದಾರಿಯ ಗರಸು ಕಲ್ಲಿನಲ್ಲಿ ಎಲ್ಲ ಮಾಯ.

ಸಿದ್ದಬಸಪ್ಪನ ಗಾಡಿಯವನು ಚಪ್ಪಲಿ ಹಾಕಿಕೊಂಡು ಬಂದು ಕದ್ದ, ಅಂಚಿನಲ್ಲಿ ಬರಿಗಾಲಿನ ತಳವಾರ ಚಿಕ್ಕತಿಮ್ಮಯ್ಯನ ಕೈಗೆ ಕೊಟ್ಟ, ಆಚೆ ಬದಿಯಲ್ಲಿ ಸಿದ್ದಬಸಪ್ಪ ಚಪ್ಪಲಿ ಮೆಟ್ಟಿ ಕಾದಿದ್ದ — ಇದು ಅವನ ತೀರ್ಮಾನ. ಒಂದು ಪುಸ್ತಕ ಹೊರಲು ಮೂರು ಜನ ಬೇಕಾಯಿತೇ ಎಂದು ಕೇಳಿದೆ. ಆತ ನನ್ನನ್ನೂ ನನ್ನ ಚಪ್ಪಲಿಯನ್ನೂ ಒಂದು ಸಲ ನೋಡಿದ. ನಾನು ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡೆ.

ಚಿಕ್ಕತಿಮ್ಮಯ್ಯನ ಕೈಗೆ ಅವನ ಟವೆಲನ್ನೇ ಕಟ್ಟಿದ್ದರು. ಶ್ಯಾನುಭೋಗರು ನಾಲ್ಕು ದಿನದಿಂದ ಹಿಂದೂಪುರದ ಮದುವೆಯಲ್ಲಿದ್ದರಿಂದ ಚಾವಡಿಯ ಬೀಗದ ಕೈ ಅವನ ಬಳಿಯೇ ಇತ್ತು. ಸಾಹೇಬರಿಗೆ ನೀರು ತರಲು ಹೋಗಿದ್ದೆ ಎಂಬುದೊಂದನ್ನು ಬಿಟ್ಟು ಅವನು ಇನ್ನೇನೂ ಹೇಳಲಿಲ್ಲ.

ಪಂಚಾಕ್ಷರಯ್ಯ ಮೊದಲು ಸಿದ್ದಬಸಪ್ಪನನ್ನು ಹಿಡಿದರು.

“ನಿನ್ನೆ ನೀವು ಬಯಲು ನೋಡಾಕ ಬಂದಿದ್ರಿ, ಅಲ್ಲೇನ್ರಿ?”

“ಹೌದ್ರಿ ಮಾಸ್ತರ. ಈ ತುದಿಯಿಂದ ಆ ತುದಿಗೆ ನಡೆದು ನೋಡೀನಿ. ಪಡುವಲ ಕಡಿಗೆ ಬರೇ ಕಲ್ಲು. ನನಗ ಈ ನೆಲಾನ ಬ್ಯಾಡಾಗೇತಿ. ನಿಮ್ಮ ಪುಸ್ತಕ ಕದ್ದು ನಾ ಏನ್ ಮಾಡ್ಲಿ?”

“ಚಪ್ಪಲಿ ಹಾಕ್ಕೊಂಡು ನಡೆದ್ರೋ?”

“ಮತ್ತ? ಮುಳ್ಳಿನ ನೆಲದಾಗ ಬರಿಗಾಲಿಲೆ ಅಡ್ಡಾಡ್ಲೇನ್ರಿ?”

ಮಳೆಗೆ ಮುಂಚೆ, ಬಿಸಿಲಿಗೆ ಛತ್ರಿ ಹಿಡಿದು ಚಪ್ಪಲಿ ಸದ್ದು ಮಾಡುತ್ತ ಅವನು ತಿರುಗಾಡಿದ್ದನ್ನು ನಾನೇ ಕಂಡಿದ್ದೆ. ಹಾಗೆಂದು ಹೇಳಿದೆ. ಪಂಚಾಕ್ಷರಯ್ಯ ತಲೆಯಾಡಿಸಿ ಮುಂದೆ ಹೋದರು.

ಲಕ್ಷ್ಮೀನರಸಪ್ಪನ ಮನೆ ಬಯಲಿನಾಚೆ, ಗಾಡಿದಾರಿಯ ಪಕ್ಕ. ನಮಗೆ ಮಜ್ಜಿಗೆ ಕೊಟ್ಟು ಮರ್ಯಾದೆ ಮಾಡಿದ. ಪುಸ್ತಕ ಹೋದದ್ದಕ್ಕೆ ಬೇಜಾರಾಯಿತೆಂದ. ಆ ನೆಲದಲ್ಲಿ ದನ ಮೇಯುತ್ತವೆ, ಅಷ್ಟು ಬಿಟ್ಟರೆ ದೇವರೂ ಇಲ್ಲ, ಪದ್ಧತಿಯೂ ಇಲ್ಲ ಎಂದು ಅರ್ಜಿಯಲ್ಲಿ ಬರೆದದ್ದನ್ನೇ ಮತ್ತೆ ಹೇಳಿದ. ಅವನ ಚಪ್ಪಲಿ ಬಾಗಿಲ ಬಳಿ ಇತ್ತು. ಹೆಜ್ಜೆಗೆ ಹೊಂದುತ್ತಿತ್ತು ನಿಜ. ಆದರೆ ನನ್ನದೂ ಹೊಂದುತ್ತಿತ್ತು, ಸಿದ್ದಬಸಪ್ಪನದೂ ಹೊಂದುತ್ತಿತ್ತು. ಮಡಕಶಿರದ ಸಂತೆಯಲ್ಲಿ ಚಪ್ಪಲಿ ಹೊಲಿಯುವವನು ಒಬ್ಬನೇ, ವ್ಯಾಪಾರಕ್ಕೆ ಬಂದವರೂ ಅವನಲ್ಲೇ ಕೊಳ್ಳುತ್ತಾರೆ.

ಗಂಟೆ ಹತ್ತಾಯಿತು. ಪಂಚಾಕ್ಷರಯ್ಯ ಬಯಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೇ ಜಾಗವನ್ನು ನೋಡುತ್ತಿದ್ದರು.

“ಇಲ್ಲಿ ನೋಡ್ರಿ. ಎರಡೂ ಕಾಲು ಜೋಡಿಸಿ ನಿಂತಾನ. ಆ ಕಡಿಗೂ ಹಿಂಗ ನಿಂತಾನ. ಇದು ಒಬ್ಬಂದೇ ಕೆಲಸ.”

“ಇರಬಹುದು. ಅದರಿಂದ ಏನಾಯಿತು?” ಎಂದೆ.

ಅವರು ಎದ್ದು ಬಯಲಿನೊಳಕ್ಕೆ ಕಾಲಿಟ್ಟರು. ಚಿಕ್ಕತಿಮ್ಮಯ್ಯನನ್ನು ಕಾನ್‌ಸ್ಟೇಬಲ್ ಅಲ್ಲಿಯೇ ಕೂರಿಸಿಕೊಂಡಿದ್ದ. ಅವನ ಕಣ್ಣು ಪಂಚಾಕ್ಷರಯ್ಯನವರ ಪಾದಕ್ಕೆ ಹೋಯಿತು, ಬಾಯಿ ತೆರೆಯಿತು, ಹಾಗೆಯೇ ಮುಚ್ಚಿತು. ಪಂಚಾಕ್ಷರಯ್ಯ ನಿಂತರು. ಒಂದು ಕ್ಷಣ ಅವನನ್ನೇ ನೋಡಿ, ಸೀದಾ ಕಾಟಮ್ಮನ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದರು. ಬೆಳಗಿನಿಂದ ಕಲ್ಲಾಗಿ ಕೂತಿದ್ದ ಮುದುಕಿ ನಕ್ಕುಬಿಟ್ಟಳು. ತಿರುಗಿ ಬಂದ ಇವರ ಮುಖವೂ ಅರಳಿತ್ತು. ಏನೆಂದು ಕೇಳಿದರೆ, ಸಾಹೇಬರು ಬರಲಿ ಅಂದರು. ಈ ಚಾಳಿಗೆ ನನಗೆ ಮೈಯೆಲ್ಲ ಉರಿಯುತ್ತದೆ.

ತಹಶೀಲ್ದಾರರು ಬಂದರು. ಹುಣಿಸೆಮರದ ನೆರಳಲ್ಲಿ ಮೇಜು ಹಾಕಿದರು. ಪುಸ್ತಕ ಕಳುವಾದ ಸುದ್ದಿ ಕೇಳಿ ಅವರಿಗೂ ಕೆಡುಕೆನಿಸಿತು. ಆದರೆ ಪುರಾವೆಯಿಲ್ಲದೆ ತಾವೇನೂ ಮಾಡಲಾಗದು ಎಂದರು. ಪಂಚಾಕ್ಷರಯ್ಯ ಅಪ್ಪಣೆ ಪಡೆದು ಲಕ್ಷ್ಮೀನರಸಪ್ಪನ ಕಡೆ ತಿರುಗಿದರು.

“ಕಳ್ಳ ಈ ಅಂಚಿನಾಗ ಚಪ್ಪಲಿ ಬಿಚ್ಯಾನ. ಯಾಕ ಬಿಚ್ಚಿರಬೇಕ್ರಿ?”

“ಸದ್ದಾಗ್ದಿರ್ಲಿ ಅಂತ ಇರಬೈದು ಸ್ವಾಮಿ.”

“ಸದ್ದಿನ ಹೆದರಿಕಿ ಇದ್ರ ಕಿಟಕಿ ತಾವ ಬಿಚ್ಚಬೇಕಿತ್ತು. ಅಲ್ಲಿ ಹಾಕ್ಕೊಂಡಾನ.”

“ಕೆಸರು ಮೆತ್ಕಂತೇನೋ.”

“ಕೆಸರು ಆಚಿ ಕಡಿಗೂ ಐತಿ. ಅಲ್ಲಿ ಮತ್ತ ಹಾಕ್ಕೊಂಡಾನ. ಬಯಲಿನಾಗ ಅಷ್ಟ ಕೈಯಾಗ ಹಿಡಕೊಂಡು ನಡದಾನ. ಸಿದ್ದಬಸಪ್ಪಾರು ಹಿಂಗ ಮಾಡಿರಬೌದೇನ್ರಿ?”

“ಅವರೆಲ್ಲಿ ಬಿಚ್ತಾರೆ ಸ್ವಾಮಿ,” ಲಕ್ಷ್ಮೀನರಸಪ್ಪ ಬಿರುಸಾಗಿಯೇ ಹೇಳಿದ. “ನಿನ್ನೆ ಅಂಬ್ಲಿ ಬಯಲ ಮ್ಯಾಲೆ ಮೆಟ್ಟು ಹಾಕಂಡೇ ತಿರುಗಾಡಿದ್ರು. ನೋಡಾಕೇ ಆಗ್ಲಿಲ್ಲ ನಂಗೆ—”

ಅಲ್ಲಿಗೆ ನಿಲ್ಲಿಸಿದ. ಬರೆದುಕೊಳ್ಳುತ್ತಿದ್ದ ಗುಮಾಸ್ತನ ಲೇಖನಿಯೂ ನಿಂತಿತು.

ಪಂಚಾಕ್ಷರಯ್ಯ ತಹಶೀಲ್ದಾರರಿಗೆ ನಿಧಾನವಾಗಿ ಬಿಡಿಸಿ ಹೇಳಿದರು. ಈ ಊರಿನವರು ಅಂಬಲಿ ಬಯಲನ್ನು ಚಪ್ಪಲಿ ಮೆಟ್ಟಿ ತುಳಿಯುವುದಿಲ್ಲ. ಅನ್ನ ಹಾಕಿದ ನೆಲವದು. ಆದರೆ ಊರಿಗೆ ಊರೇ ಬರಿಗಾಲಿನದು. ಹಾಗಾಗಿ ಈ ಪದ್ಧತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡು ವರ್ಷ ಕೇಳಿದರೂ ಯಾಕೆ ಹೇಳಲಿಲ್ಲ ಎಂದು ಈಗ ವಿಚಾರಿಸಿದಾಗ, ಊಟಕ್ಕೆ ಮುಂಚೆ ಕೈ ತೊಳೆಯುತ್ತೇವೆಂದು ಯಾರಾದರೂ ಬರೆಸುತ್ತಾರೆಯೇ ಎಂದು ಕಾಟಮ್ಮ ನಕ್ಕಿದ್ದಳು. ನಾವಿಬ್ಬರೂ ಎರಡು ವರ್ಷ ಅಲ್ಲಿ ಚಪ್ಪಲಿ ಮೆಟ್ಟಿಯೇ ಓಡಾಡಿದ್ದೆವು. ಮೇಷ್ಟ್ರಿಗೆ ಹೇಗೆ ಹೇಳುವುದೆಂದು ಅವರೆಲ್ಲ ಸುಮ್ಮನಿದ್ದರು. ಇದನ್ನು ಕೇಳಿ ನನಗೆ ನಾಚಿಕೆಯಾಯಿತು.

“ಚಿಕ್ಕತಿಮ್ಮಯ್ಯ ಜನ್ಮದಾಗ ಚಪ್ಪಲಿ ಮೆಟ್ಟಿಲ್ಲ. ಸಿದ್ದಬಸಪ್ಪಾರಿಗೆ, ಅವರ ಗಾಡಿಯವಗ ಈ ನೆಲ ಏನಂತ ಗೊತ್ತಿಲ್ಲ. ಚಪ್ಪಲಿನೂ ಮೆಟ್ಟಬೇಕು, ನೆಲದ ಮರ್ಯಾದಿನೂ ಗೊತ್ತಿರಬೇಕು, ಅಂಥಾವರು ಈ ಊರಾಗ ಇಬ್ಬರ. ಶ್ಯಾನುಭೋಗರು ಹಿಂದೂಪುರದಾಗ ಅದಾರ. ಉಳಿದವರು ಯಾರಂತ ನಾ ಹೇಳಬೇಕೇನ್ರಿ?”

ಹೇಳಬೇಕಾಗಲಿಲ್ಲ. ಲಕ್ಷ್ಮೀನರಸಪ್ಪ ಎದ್ದು ಮನೆಯ ಕಡೆ ಹೊರಟ. ಕಾನ್‌ಸ್ಟೇಬಲ್ ಹಿಂದೆಯೇ ಓಡಿದ. ಕಾಲು ಗಂಟೆಯಲ್ಲಿ ತಿರುಗಿ ಬಂದಾಗ ಲಕ್ಷ್ಮೀನರಸಪ್ಪನ ಕೈಯಲ್ಲಿ ಕೆಂಪು ಪುಸ್ತಕವಿತ್ತು, ಒಗೆದ ಪಂಚೆಯಲ್ಲಿ ಸುತ್ತಿದ್ದ.

“ಸುಡಾನ ಅಂತ ಒಲೆ ಮುಂದೆ ಕುಂತಿದ್ದೆ ಸ್ವಾಮಿ. ಹದಿನೇಳ್ನೇ ಹಾಳೇಲಿ ನಮ್ಮವ್ವನ ಹೆಬ್ಬೆಟ್ಟು ಐತೆ. ಅವ್ವ ಇದನ್ನ ಬರೆಸಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಕೈ ಬರ್ಲಿಲ್ಲ.”

ಅವನ ತಾಯಿ ಚಿತ್ತಮ್ಮ ಹೋದ ದೀಪಾವಳಿಗೆ ತೀರಿಕೊಂಡಿದ್ದಳು. ತಹಶೀಲ್ದಾರರು ಓದಲು ಹೇಳಿದರು. ನಾನು ಓದಿದೆ. ಬರದ ವರ್ಷ ನನಗೆ ಒಂಬತ್ತು, ಎದ್ದು ನಿಲ್ಲಲು ಕಾಲಲ್ಲಿ ಶಕ್ತಿಯಿರಲಿಲ್ಲ, ಕೆಂಪಕ್ಕ ತೊಡೆಯ ಮೇಲೆ ಹಾಕಿಕೊಂಡು ಕುಡಿಸಿದಳು, ಆ ಅಂಬಲಿ ಇಲ್ಲದಿದ್ದರೆ ನಾನೂ ಇಲ್ಲ, ನನ್ನ ಮಗನೂ ಇಲ್ಲ ಎಂದಿತ್ತು. ಓದಿ ಮುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ.

ಬಯಲನ್ನು ಯಾರಿಗೂ ಕೊಡದೆ ಊರಿನ ಸಾಮಾನ್ಯ ನೆಲವಾಗಿ ಉಳಿಸಲು ತಹಶೀಲ್ದಾರರು ಅಲ್ಲಿಯೇ ಬರೆಸಿದರು. ಚಿಕ್ಕತಿಮ್ಮಯ್ಯನ ಕೈ ಬಿಚ್ಚಿಸಿದರು. ಕಳವಿನ ಮೇಲೆ ಫಿರ್ಯಾದು ಕೊಡುತ್ತೀರಾ ಎಂದು ಕೇಳಿದರು.

“ಇಲ್ರಿ,” ಎಂದರು ಪಂಚಾಕ್ಷರಯ್ಯ. “ನಾ ಎರಡು ವರ್ಷ ತಿರುಗಿದ್ರೂ ಸಿಗದ ಪುರಾವಿ ಇವರ ಕಾಲು ಕೊಟ್ಟಾವ. ಇವರಿಗೆ ನಾ ಕೈ ಮುಗಿಬೇಕು.” ನಿಜವಾಗಿಯೂ ಮುಗಿದರು.

ನನಗೂ ಹಾಗೆಯೇ ಅನ್ನಿಸಿತು. ಅವನ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಈ ಊರಿಗೆ, ಈ ಜನಕ್ಕೆ, ನನ್ನನ್ನು ಇಲ್ಲಿಗೆ ಎಳೆದು ತಂದ ಈ ಹುಚ್ಚು ಮೇಷ್ಟ್ರಿಗೆ ನಾನು ಋಣಿ ಎಂದುಕೊಂಡೆ.

ಲಕ್ಷ್ಮೀನರಸಪ್ಪ ನನ್ನ ಹತ್ತಿರ ಬಂದು ಕೂತ. ಮೂವತ್ತೆರಡನೆಯದು ನಂದು ಬರ್ಕಳಿ ಸ್ವಾಮಿ ಎಂದ. ನಮ್ಮವ್ವ ಇಲ್ಲಿ ಉಂಡಿದ್ದರಿಂದ ನಾನಿದ್ದೇನೆ, ಈ ನೆಲಕ್ಕೆ ನಾನು ನೇಗಿಲು ಹಾಕುವುದಿಲ್ಲ ಎಂದು ಹೇಳಿದ. ಬರೆದೆ. ಸಹಿ ಮಾಡಿದ. ಆಮೇಲೆ ಎದ್ದು ಹೋಗಿ ಕಾಟಮ್ಮನ ಮುಂದೆ ತಲೆ ತಗ್ಗಿಸಿ ನಿಂತ. ದೊಡ್ಡವ್ವ ಎಂದ.

ಕಾಟಮ್ಮ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಿಮ್ಮವ್ವ ದಿನಾ ಎಲ್ಡು ದಪ ಹಾಕ್ಸಿಕೊಳ್ಳಾಳಂತೆ ಕಣಪ್ಪ. ಉಂಡೇ ಇಲ್ಲ ಅಂತ ಸುಳ್ಳೇಳಿ ಮತ್ತೆ ಸಾಲಿಗೆ ನಿಂತ್ಕಳ್ಳಾಳಂತೆ. ಗೊತ್ತಿದ್ರೂ ನಮ್ಮತ್ತೆ ಒಂದಿನಾನೂ ಇಲ್ಲ ಅಂದಿಲ್ವಂತೆ.”