ಏಪ್ರಿಲ್‌ನಲ್ಲಿ ತುಂಬಿದ ಬಾವಿ

2025ರ ಏಪ್ರಿಲ್ 17, ಗುರುವಾರ. ಬೆಳಿಗ್ಗೆ 7.40ಕ್ಕೆ ಸಿದ್ದಾಪುರ ಠಾಣೆಗೆ ಬಂದ ಪರಿಮಳಾ ಹೆಗಡೆ ಕೊಟ್ಟ ದೂರು ಮೂರೇ ಸಾಲಿನದು. ಶಿರಸಿಯಲ್ಲಿ ಜಮೀನು ಏಜೆಂಟರಾಗಿರುವ ಗಂಡ ರಘುಪತಿ ಹೆಗಡೆ ಹಿಂದಿನ ಮಧ್ಯಾಹ್ನ ತ್ಯಾಗಲಿ ಹತ್ತಿರದ ಜಾಗಕ್ಕೆಂದು ಹೋದವರು ಮರಳಿಲ್ಲ. ಫೋನು ಸ್ವಿಚ್ಡ್ ಆಫ್.

ಇನ್‌ಸ್ಪೆಕ್ಟರ್ ಮಡಿವಾಳಪ್ಪ ಹಾವೇರಿ ಕಡೆಯವರು. ಕಾಗದ ಓದಿ ತಲೆ ಎತ್ತಿದರು.

"ಒಬ್ರ ಹೋಗಿದ್ರೇನ್ರಿ?"

"ಪಾಲುದಾರ ರವೀಂದ್ರ ಅಲ್ಲಿಗೇ ಬರ್ತಾರೆ ಅಂದಿದ್ರು."

"ಮನ್ಯಾಗ ಜಗಳ?"

"ಎಂತದೂ ಇಲ್ಲೆ."

9.30ಕ್ಕೆ ಜಾಗ ತಲುಪಿದಾಗ ರಘುಪತಿಯ ಬೈಕು ಗೇಟಿನ ಪಕ್ಕವೇ ನಿಂತಿತ್ತು. ಸುತ್ತ ಒಣಗಿದ ಹುಲ್ಲು, ನಡುವೆ ಸಿಮೆಂಟ್ ರಿಂಗಿನ ಬಾವಿ. ಕಾನ್‌ಸ್ಟೆಬಲ್ ವಿಶ್ವೇಶ್ವರ ಒಳಗೆ ಬಗ್ಗಿ ನೋಡಿದವನು ತಟ್ಟನೆ ಹಿಂದೆ ಸರಿದ. ನೀರಿನಲ್ಲಿ ಬಿಳಿ ಅಂಗಿ ಕಾಣುತ್ತಿತ್ತು.

ಶವ ಮೇಲೆತ್ತಿ ಪಂಚನಾಮೆ ಬರೆಯುತ್ತಿದ್ದಾಗ ರವೀಂದ್ರ ಕಾರಿನಲ್ಲಿ ಬಂದ. ಕಣ್ಣೊರೆಸಿಕೊಂಡ. ಆಮೇಲೆ ಇನ್‌ಸ್ಪೆಕ್ಟರರನ್ನು ಪಕ್ಕಕ್ಕೆ ಕರೆದ.

"ನಿನ್ನೆ ನಂಗೆ ಬರೂಕೆ ಆಗ್ಲಿಲ್ಲ ಸಾರ್. ಅಂವ ಪಾರ್ಟಿಗಳಿಗೆ ಸುಳ್ಳು ಹೇಳಿ ಜಾಗ ಮಾರ್ಸಿದ್ದ. ಒಬ್ರು ಜಮೀನು ವ್ಯವಹಾರ ನೋಡೂ ರೇರಾಕ್ಕೆ ದೂರು ಕೊಡ್ತೇನೆ ಅಂದಿದ್ರು. ಮರ್ಯಾದೆಗೆ ಅಂಜಿ ಹಾರ್ಕಂಡ."

ಪಕ್ಕಕ್ಕೆ ಕರೆದರೂ ದನಿ ತಗ್ಗಿಸಿರಲಿಲ್ಲ. ಪರಿಮಳಾ ಕೇಳಿಸಿಕೊಂಡರು.

"ಸಾರ್, ಹಾಗೆ ಬರೀಬೇಡಿ. ಅವ್ರು ಸತ್ತಿದ್ದನ್ನ ಆನು ತಡ್ಕತ್ತೆ. ಮೋಸ ಮಾಡಿ ಸತ್ತ ಅಂತ ಬರೆದ್ರೆ ತಡ್ಕಂಬಲೆ ಆಗ್ತಿಲ್ಲೆ."

ಕಡತದಲ್ಲಿ ಇಂಥ ಮಾತಿಗೆ ಜಾಗವಿಲ್ಲ. ಆದರೆ ಅದು ಮಡಿವಾಳಪ್ಪನವರ ಎದೆಗೆ ತಾಗಿತು. ಆತ್ಮಹತ್ಯೆ ಎಂದು ಬರೆದು ಕೈ ತೊಳೆದುಕೊಳ್ಳುವುದು ಎಷ್ಟು ಸುಲಭವೆಂದು ಅವರಿಗೆ ಗೊತ್ತಿತ್ತು.

ಪಕ್ಕದ ಹುಲ್ಲಿನ ಬೇಣದಲ್ಲಿ ದನ ಮೇಯಿಸುತ್ತಿದ್ದ ನಾಗಿ ಬೇಲಿಯಾಚೆ ನಿಂತು ಎಲ್ಲ ನೋಡುತ್ತಿದ್ದಳು. ಕೇಳುವ ಮೊದಲೇ ಹೇಳಿದಳು.

"ಆ ಬಾವೀಲಿ ಶಿವರಾತ್ರಿ ಕಳೆದ್ಮೇಲೆ ಕಪ್ಪೆ ಸೈತ ಇರೂದಿಲ್ಲ ಸಾಹೇಬ್ರೆ. ನೀರೆಲ್ಲಿಂದ ಬಂತು?"

ಮಡಿವಾಳಪ್ಪ ಮತ್ತೆ ಬಾವಿಗೆ ಬಗ್ಗಿದರು. ನೀರಿನ ಮೇಲೆ ನಾಲ್ಕಡಿಯಷ್ಟು ರಿಂಗು ಇನ್ನೂ ಒದ್ದೆ. ವಿಶ್ವೇಶ್ವರನನ್ನು ಏಣಿಯಲ್ಲಿ ಇಳಿಸಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೀಟು ಹಾಕಿಸಿದರು. ಆಗ 11.10. ಪಂಚರೊಂದಿಗೆ ಕಟ್ಟೆಯ ಮೇಲೆ ಕಾದರು. 12.10ಕ್ಕೆ ನೀರು ಗೀಟಿನಿಂದ ನಾಲ್ಕು ಬೆರಳು ಕೆಳಗಿತ್ತು. ಯಾರೋ ಸುರಿದ ನೀರನ್ನು ನೆಲ ಸದ್ದಿಲ್ಲದೆ ಕುಡಿಯುತ್ತಿತ್ತು.

ಆ ಕಡೆಗೆ ನೀರು ಒಯ್ಯುವ ಟ್ಯಾಂಕರುಗಳನ್ನು ವಿಚಾರಿಸಿದರು; ಹಿಂದಿನ ದಿನ ಅಲ್ಲಿಗೆ ಹೋಗಿದ್ದ ಚಾಲಕ ಮೂರು ಗಂಟೆಗೆ ಠಾಣೆಯಲ್ಲಿದ್ದ.

"ಯಾರು ಕರ್ಸಿದ್ರು?"

"ರವೀಂದ್ರಣ್ಣ. ನಿನ್ನೆ ಸಂಜೆ ಆರಕ್ಕೆ. ಪಾರ್ಟಿ ಜಾಗ ನೋಡೂಕೆ ಬರೂ ಹಿಂದಿನ ದಿನ ಯಾವಾಗ್ಲೂ ಬಾವಿಗೆ ನೀರು ಹಾಕ್ಸ್ತಾರೆ."

"ಬಾವಿ ಒಳಗ ನೋಡಿದೇನು?"

"ಇಲ್ಲ ಸಾರ್. ಬೇರೆ ದಿನ ಪೈಪು ನಾನೇ ಹಿಡೀತಿದ್ದೆ. ನಿನ್ನೆ ಮಾತ್ರ ನೀ ಗಾಡಿ ಹತ್ರನೇ ನಿಲ್ಲು ಅಂದ್ರು."

ಹೇಳಿ ಮುಗಿಸಿದ ಮೇಲೆ ಅವನ ಮುಖ ಬಿಳಚಿಕೊಂಡಿತು.

ಸಂಜೆ ಮರಣೋತ್ತರ ವರದಿ ಬಂತು. ತಲೆಯ ಹಿಂಬದಿಗೆ ಪೆಟ್ಟು. ಶ್ವಾಸಕೋಶದಲ್ಲಿ ನೀರಿಲ್ಲ. ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಬೈಕಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಹಾಳೆ ಸಿಕ್ಕಿತು. ರಘುಪತಿಯ ಅಕ್ಷರ: "ಈ ಜಾಗದ ಬಾವಿಯಲ್ಲಿ ಫೆಬ್ರವರಿ ಕೊನೆಯಿಂದ ಮಳೆ ಬೀಳುವ ತನಕ ನೀರಿರುವುದಿಲ್ಲ. ಈ ವಿಷಯ ಕೊಳ್ಳುವವರಿಗೆ ತಿಳಿಸಿದ್ದೇನೆ." ಕೆಳಗೆ ಕೊಳ್ಳುವವರೆಂದು ಯಲ್ಲಾಪುರದ ಸೌಮ್ಯ ಎಂಬವರ ಹೆಸರು. ಸಹಿಯ ಜಾಗ ಖಾಲಿ.

ಮರುದಿನ ಬೆಳಿಗ್ಗೆ 10.20ಕ್ಕೆ ರವೀಂದ್ರನನ್ನು ಶಿರಸಿಯ ಅವನ ಕಚೇರಿಯಲ್ಲೇ ಬಂಧಿಸಿದರು. ಅವನ ಕುರ್ಚಿಯ ಹಿಂದೆ ಏಜೆಂಟರ ನೀತಿ ಸಂಹಿತೆ ಗಾಜು ಹಾಕಿಸಿಕೊಂಡು ತೂಗುತ್ತಿತ್ತು. ಪುಣ್ಯಾತ್ಮ ಅದಕ್ಕೆ ಹೂವನ್ನೂ ಮುಡಿಸಿದ್ದ. ಹೊಡೆದ ಕಬ್ಬಿಣದ ಸಲಾಕೆಯನ್ನು ಕಾರಿನ ಡಿಕ್ಕಿಯಿಂದ ಅವನೇ ತೆಗೆದುಕೊಟ್ಟ.

"ಒಂದ ಜಾಗ ಹೋದ್ರ ಹೋಗ್ತಿತ್ತು. ಅದಕ್ಕ ಮನುಷ್ಯಾನ್ನ ಕೊಲ್ಲೂದೇನು?"

ರವೀಂದ್ರ ಸಲಾಕೆಯಿಂದ ಕಣ್ಣು ತೆಗೆದ.

"ಒಂದಲ್ಲ ಸಾರ್. ನಾ ನೀರು ಹಾಕ್ಸಿ ಮಾರಿದ ಹಳೇ ಪಾರ್ಟಿಗಳಿಗೂ ಬರೀತೇನೆ ಅಂದ ಅಂವ. ಹದಿನಾಲ್ಕು ಮನೆ. ಆಮೇಲೆ ಪೇಟೇಲಿ ಹ್ಯಾಂಗೆ ಮುಖ ಎತ್ತಿ ತಿರ್ಗ್ಲಿ?"

ಮರ್ಯಾದೆಗೆ ಅಂಜಿದ್ದು ಅವನೇ. ಆ ಅಂಜಿಕೆಯನ್ನು ಸತ್ತವನ ಮೇಲೆ ಹೊರಿಸಲು ನೋಡಿದ್ದ. ಮಡಿವಾಳಪ್ಪ ಅವನ ಮಾತನ್ನು ಇದ್ದ ಹಾಗೇ ಬರೆಸಿಕೊಂಡರು.

ಮಧ್ಯಾಹ್ನ ಹೇಳಿಕೆ ಕೊಡಲು ಬಂದ ಪರಿಮಳಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಆ ಕಾಗದ ಸೌಮ್ಯ ಅವರಿಗೆ ಮುಟ್ಟಿತಾ?"

"ಇಲ್ರಿ ತಾಯಿ. ಅದು ಈಗ ಕೋರ್ಟಿನ ಸ್ವತ್ತು. ನಾವ ತಿಳಸ್ತೇವಿ."

"ಬರೋ ಸೋಮವಾರವೇ ರಿಜಿಸ್ಟ್ರೇಷನ್. ನಂಬರ್ ಕೊಡಿ."

ಠಾಣೆಯ ಬೆಂಚಿನ ಮೇಲೆ ಕುಳಿತೇ ಫೋನು ಹಚ್ಚಿದರು. ದನಿ ನಡುಗಲಿಲ್ಲ.

"ತಂಗೀ, ನಾನು ರಘುಪತಿ ಹೆಗಡೇರ ಮನೆಯವಳು. ನಮ್ಮನೆಯವ್ರು ನಿಮಗೊಂದು ಮಾತು ಹೇಳೋದಿತ್ತು. ಆ ಬಾವೀಲಿ ನೀರಿಲ್ಲ."

ಫೋನು ಕೆಳಗಿಟ್ಟ ಮೇಲೆ, ಎರಡು ದಿನಗಳಲ್ಲಿ ಮೊದಲ ಬಾರಿಗೆ, ಅವರು ಗಟ್ಟಿಯಾಗಿ ಅತ್ತರು.