ಕೊನೆಯ ಚಕ್ರದ ಬಳೆ

ಇದು ನಡೆದದ್ದು ಹಾಡಹಗಲಿನಲ್ಲಿ.

ಅಪ್ಪ ಗಾಡಿ ಮಾಡುತ್ತಿದ್ದ. ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಬಳೆಯನ್ನು ಬೇಕೆಂದೇ ತುಸು ಚಿಕ್ಕದಾಗಿ ಬಡಿಯುತ್ತಿದ್ದ. ಕೆಂಪಗೆ ಕಾಯಿಸಿದರೆ ಮಾತ್ರ ಅದು ಹಿಗ್ಗಿ ಚಕ್ರಕ್ಕೆ ಏರುತ್ತದೆ. ಕೂಡಲೇ ಅಮ್ಮ ನೀರು ಸುರಿಯಬೇಕು, ಆಗ ಬಿಗಿಯುತ್ತದೆ. ಕೊನೆಯ ಚಕ್ರಕ್ಕೆ ಬಳೆ ತೊಡಿಸುವ ಮೊದಲೇ ಅಪ್ಪ ತೀರಿಕೊಂಡ. ನನಗೆ ಅಳುವೂ ಬರಲಿಲ್ಲ.

ಅದಾಗಿ ತಿಂಗಳಾಗಿತ್ತು. ಅಂದು ಸಂಜೆ ಹಳೆಯ ಕಬ್ಬಿಣ ಕೊಳ್ಳುವವನು ಬರುವವನಿದ್ದ. ಅವನಿಗೆ ಬಳೆ ಸಾಕು, ಚಕ್ರ ಬೇಡ. ಎರಡನ್ನೂ ಗೋಡೆಗೆ ಒರಗಿಸಿಟ್ಟೆ. ಬಳೆ ಬೆಚ್ಚಗಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ, ಆದರೆ ಆ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಊಟ ಮುಗಿಸಿ ಒಳಗೆ ಅಡ್ಡಾದೆ. ಚುಂಯ್ ಎನ್ನುವ ಸದ್ದಿಗೆ, ಸುಟ್ಟ ಮರದ ವಾಸನೆಗೆ ಎಚ್ಚರವಾಯಿತು.

ಹೋಗಿ ನೋಡಿದರೆ ಬಳೆ ಚಕ್ರದ ಮೇಲೆ ಬಿಗಿಯಾಗಿ ಕೂತಿತ್ತು. ಪಕ್ಕದಲ್ಲಿ ಅಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು.

"ಏನಮ್ಮಾ ಇದು?"

"ನಂಗೇನೋ ಗೊತ್ತು? ನೀರು ಹಾಕು ಅಂದ್ರು, ಹಾಕ್ದೆ."

ನಾನು ಕುಲುಮೆಯೊಳಗೆ ಕೈ ಹಾಕಿದೆ. ಬೂದಿ ತಣ್ಣಗಿತ್ತು. ಕೈ ಹೊರಗೆ ತೆಗೆದರೆ ಬೆರಳಿಗೆಲ್ಲ ಜೇಡರ ಬಲೆ. ಕುಲುಮೆಯ ಬಾಯಿಗೆ ಅಡ್ಡವಾಗಿ ಕಟ್ಟಿದ್ದ ಅದನ್ನು ಹರಿದದ್ದು ನನ್ನ ಕೈಯೇ.